ನಿಲ್ಲಲಾರದ ಸೀಸೆಯ ಪೂರ್ವೋತ್ತರ



ಇತಿಹಾಸವೆಂದರೆ ರಾಜರ ವಂಶಾವಳಿ, ಯುದ್ಧಗಳ ಇಸವಿ ಎಂದಷ್ಟೇ ತಿಳಿದು ಪರೀಕ್ಷೆಗೆ ಕುಳಿತವರು ನಿಮ್ಮಲ್ಲಿ ಅನೇಕರಿದ್ದೀರಿ. ಅದು ನಿಮ್ಮ ದೋಷವಲ್ಲ. ಪಠ್ಯಪುಸ್ತಕದ ಸ್ವರೂಪವೇ ಹಾಗಿತ್ತು. ಆದರೆ ಶಾಸನ, ನಾಣ್ಯ, ಕೋಟೆಗಳಂತೆಯೇ ಮನೆಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಒಂದು ಗಾಜಿನ ಸೀಸೆಯೂ ಇತಿಹಾಸದ ಸಾಕ್ಷಿಯೇ. ಸಾಕ್ಷಿಯನ್ನು ಪ್ರಶ್ನಿಸುವ ಕ್ರಮ ತಿಳಿದಿರಬೇಕು, ಅಷ್ಟೇ. ಅಂತಹ ಒಂದು ಸೀಸೆಯ ವಿಚಾರಣೆಯನ್ನು ಈ ಬಾರಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಇದನ್ನು ಬರೆಯುವುದಕ್ಕೆ ಬೇರೊಂದು ಕಾರಣವೂ ಇದೆ. ಅದನ್ನು ಲೇಖನದ ಕೊನೆಯ ಭಾಗದಲ್ಲಿ ಹೇಳುತ್ತೇನೆ.

ವಸ್ತು ಮತ್ತು ವದಂತಿ

ರಾಯಚೂರಿನ ತೀನ್ ಕಂದೀಲ್ ಕಡೆಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಈ ಸೀಸೆಯನ್ನು ನಾನು 150 ರೂಪಾಯಿಗೆ ಕೊಂಡೆ. ದೇವದುರ್ಗದಲ್ಲಿ ಕೆಡವಲಾದ ಒಂದು ಹಳೆಯ ವಾಡೆಯ ಸಾಮಾನುಗಳೊಡನೆ ಅದು ಬಂದಿತ್ತೆಂದು ಅಂಗಡಿಯವರು ತಿಳಿಸಿದರು. ಉದ್ದ ಸುಮಾರು 9 ಇಂಚು. ತಿಳಿಹಸಿರು ಬಣ್ಣದ ದಪ್ಪ ಗಾಜು. ಕೈಯಲ್ಲಿ ಹಿಡಿದರೆ ಅದರ ಭಾರ ಆಶ್ಚರ್ಯ ಹುಟ್ಟಿಸುತ್ತದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಅದರ ತಳ: ಮೊಟ್ಟೆಯ ತುದಿಯಂತೆ ಉರುಟಾಗಿದೆ. ಯಾವ ಮೇಜಿನ ಮೇಲೂ ಅದು ನಿಲ್ಲುವುದಿಲ್ಲ, ಉರುಳಿ ಮಲಗುತ್ತದೆ.

ನಿಲ್ಲದ ಸೀಸೆಯನ್ನು ಯಾರಾದರೂ ಏಕೆ ಮಾಡಿದರು? ಮನೆಗೆ ಬಂದವರೆಲ್ಲ ಒಂದೊಂದು ಉತ್ತರ ಕೊಟ್ಟರು. ನಿಜಾಮರ ಅತ್ತರಿನ ಸೀಸೆ ಎಂದರು ಒಬ್ಬರು. ಹಕೀಮರ ಔಷಧದ್ದೆಂದರು ಇನ್ನೊಬ್ಬರು. ರಜಾಕಾರರ ಕಾಲದ ಕೈಬಾಂಬಿನ ಕವಚವೆಂದು ನೆರೆಯ ಹುಡುಗನೊಬ್ಬ ಊಹಿಸಿದ. ಬೋರಲು ಹಾಕಿದರೆ ಲಿಂಗಾಕಾರ ಕಾಣುತ್ತದೆಂದು ಹಿರಿಯರೊಬ್ಬರು ಕೈಮುಗಿದದ್ದೂ ಉಂಟು. ನಮ್ಮ ಸೀಮೆಯಲ್ಲಿ ಹಳೆಯದು ಏನು ಸಿಕ್ಕರೂ ಅದು ನಿಜಾಮರದ್ದಾಗಬೇಕು, ಇಲ್ಲವೇ ದೇವರದ್ದಾಗಬೇಕು. 1948ರ ಸೆಪ್ಟೆಂಬರಿನವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದವರು. ಆದ್ದರಿಂದ ಈ ಮನೋಭಾವ ಸಹಜವೇ. ಆದರೆ ಊಹೆ ಬೇರೆ, ಪುರಾವೆ ಬೇರೆ.

ಗಾಜಿನ ಸಾಕ್ಷ್ಯ

ಗಾಜು ನಮ್ಮ ಜಿಲ್ಲೆಗೆ ಹೊಸತೇನಲ್ಲ. 1915ರಲ್ಲಿ ಅಶೋಕನ ಶಾಸನ ಬೆಳಕಿಗೆ ಬಂದ ಮಸ್ಕಿಯಲ್ಲಿ, 1954ರಲ್ಲಿ ಬಿ.ಕೆ. ಥಾಪರ್ ಅವರು ಉತ್ಖನನ ನಡೆಸಿದಾಗ ದೊರೆತ ಮಣಿಗಳಲ್ಲಿ ಗಾಜಿನವೂ ಇದ್ದವು. ಸಂಸ್ಕೃತದ ಕಾಚ ಎಂಬ ಪದವೇ ಕನ್ನಡದಲ್ಲಿ ಗಾಜು ಆಗಿದೆಯೆಂದು ವ್ಯಾಕರಣದ ಪಾಠದಲ್ಲಿ ತತ್ಸಮ-ತದ್ಭವ ಕಲಿತವರಿಗೆ ನೆನಪಿರಬಹುದು. ಮಣಿ, ಬಳೆಗಳ ಗಾಜು ಹಳೆಯದು. ಆದರೆ ಈ ಸೀಸೆ ಆ ಪರಂಪರೆಗೆ ಸೇರಿದ್ದಲ್ಲವೆಂದು ಅದರ ಮೈಯೇ ಹೇಳುತ್ತದೆ. ಒಂದೊಂದಾಗಿ ನೋಡೋಣ.

ಮೊದಲನೆಯದು ಬಣ್ಣ. ಮರಳಿನಲ್ಲಿ ಸಹಜವಾಗಿಯೇ ಇರುವ ಕಬ್ಬಿಣದ ಅಂಶದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ತೆಗೆದು ಬಿಳಿಯ ಗಾಜು ಮಾಡಲು ಹೆಚ್ಚಿನ ಖರ್ಚು, ಶ್ರಮ ಬೇಕು. ಅರಮನೆಯ ಅತ್ತರಿಗೆ ಯಾರೂ ಇಂತಹ ಸಾಧಾರಣ ಹಸಿರು ಗಾಜನ್ನು ಬಳಸಲಾರರು. ಇದು ದಿನಬಳಕೆಯ ಅಗ್ಗದ ಸೀಸೆ.

ಎರಡನೆಯದು ಅಚ್ಚಿನ ಗೆರೆ. ಸೀಸೆಯ ಎರಡೂ ಮಗ್ಗುಲಲ್ಲಿ ಕೂದಲೆಳೆಯಂತಹ ಒಂದು ಗೆರೆ ತಳದಿಂದ ಮೇಲಕ್ಕೆ ಏರುತ್ತದೆ. ಎರಡು ಹೋಳುಗಳ ಅಚ್ಚಿನೊಳಗೆ ಕಾದ ಗಾಜನ್ನು ಊದಿದಾಗ ಹೋಳುಗಳ ಸಂದಿಯಲ್ಲಿ ಮೂಡುವ ಗುರುತು ಅದು. ಈಗಿನ ಬಾಟಲಿಗಳಲ್ಲಿ ಆ ಗೆರೆ ಬಾಯಿಯ ಅಂಚಿನವರೆಗೂ ಹೋಗುತ್ತದೆ. ಮನೆಯಲ್ಲಿರುವ ಯಾವುದಾದರೂ ಗಾಜಿನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ಈ ಸೀಸೆಯಲ್ಲಾದರೋ ಗೆರೆ ಕತ್ತಿನಲ್ಲಿಯೇ ಮಾಯವಾಗಿದೆ. ಅಂದರೆ ಮೈಯನ್ನು ಅಚ್ಚಿನಲ್ಲಿ ಊದಿ, ಆಮೇಲೆ ಬಾಯಿಯ ದಪ್ಪ ಉಂಗುರವನ್ನು ಕೆಲಸಗಾರನೊಬ್ಬ ಕೈಯಿಂದ ತಿದ್ದಿ ಮುಗಿಸಿದ್ದಾನೆ. ಅಮೆರಿಕದ ಮೈಕೇಲ್ ಓವೆನ್ಸ್ ಎಂಬುವರ ಸ್ವಯಂಚಾಲಿತ ಬಾಟಲಿ ಯಂತ್ರ ಬಂದದ್ದು 1903ರ ಹೊತ್ತಿಗೆ. ಕ್ರಮೇಣ ಕೈಯಿಂದ ಬಾಯಿ ತಿದ್ದುವ ಪದ್ಧತಿ ಅಳಿಯಿತು. ಹೀಗಾಗಿ ನಮ್ಮ ಸೀಸೆ ಯಂತ್ರಯುಗದ ಹಿಂದಿನ ಕೈಕೆಲಸ.

ಮೂರನೆಯದು ಅಳತೆ. ಸೀಸೆಗೆ ಕತ್ತಿನ ತನಕ ನೀರು ತುಂಬಿ, ಔಷಧದ ಅಳತೆಯ ಲೋಟಕ್ಕೆ ಸುರಿದು ನೋಡಿದೆ. ಸುಮಾರು 280 ಮಿಲಿಲೀಟರ್ ಬಂದಿತು. ನಮ್ಮ ಸೇರು-ಪಾವುಗಳ ಲೆಕ್ಕಕ್ಕೆ ಇದು ಒಗ್ಗದು. ಆದರೆ 1824ರ ಕಾಯಿದೆಯಿಂದ ಬ್ರಿಟನ್ನಿನಲ್ಲಿ ನಿಗದಿಯಾದ ಪಿಂಟ್ ಎಂಬ ಅಳತೆಯ ಅರ್ಧ ಭಾಗ, ಅಂದರೆ 10 ಔನ್ಸ್, 284 ಮಿಲಿಲೀಟರ್. ಲೆಕ್ಕ ಕೂಡಿಬರುತ್ತದೆ.

ನಾಲ್ಕನೆಯದು ಅಕ್ಷರ. ಮೈಮೇಲೆ ಉಬ್ಬಿದ ಅಕ್ಷರಗಳಿದ್ದವು. ಸವೆದು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಶಾಸನದ ಪಡಿಯಚ್ಚು ತೆಗೆಯುವ ಕ್ರಮವನ್ನೇ ಇಲ್ಲಿ ಅನುಸರಿಸಿದೆ. ತೆಳುವಾದ ಕಾಗದ ಸುತ್ತಿ ಮೆತ್ತನೆಯ ಪೆನ್ಸಿಲ್ಲಿನಿಂದ ಹಗುರವಾಗಿ ತಿಕ್ಕಿದಾಗ ಎರಡು ಇಂಗ್ಲಿಷ್ ಪದಗಳು ಸ್ಪಷ್ಟವಾಗಿ ಮೇಲೆದ್ದವು. ಒಂದು ಸೋಡಾ, ಇನ್ನೊಂದು ಲಂಡನ್.

ಅತ್ತರೂ ಅಲ್ಲ, ಬಾಂಬೂ ಅಲ್ಲ. ಇದು ಹತ್ತೊಂಬತ್ತನೆಯ ಶತಮಾನದ ಸೋಡಾ ನೀರಿನ ಸೀಸೆ. ಟಾರ್ಪಿಡೊ ಬಾಟಲಿ ಎಂದೂ, ಹ್ಯಾಮಿಲ್ಟನ್ ಬಾಟಲಿ ಎಂದೂ ಇದಕ್ಕೆ ಹೆಸರುಗಳಿವೆ.

ಮಲಗಲೆಂದೇ ಹುಟ್ಟಿದ್ದು

ಈಗ ಮೂಲಪ್ರಶ್ನೆಗೆ ಬರೋಣ: ತಳ ಏಕೆ ಉರುಟು?

ಇದಕ್ಕೆ ಉತ್ತರ ಹುಡುಕಿದರೆ ಒಬ್ಬ ಉಪಾಧ್ಯಾಯರ ಬಳಿಗೆ ಹೋಗಿ ನಿಲ್ಲುತ್ತೇವೆ. ಆಮ್ಲಜನಕದ ಪಾಠದಲ್ಲಿ ನೀವು ಕೇಳಿದ ಜೋಸೆಫ್ ಪ್ರೀಸ್ಟ್ಲಿ ವೃತ್ತಿಯಿಂದ ಪಾದ್ರಿ. ಶಾಲೆ ನಡೆಸಿ ಮಕ್ಕಳಿಗೆ ಪಾಠ ಹೇಳಿದವರೂ ಹೌದು. 1767ರಲ್ಲಿ ಅವರು ಇಂಗ್ಲೆಂಡಿನ ಲೀಡ್ಸ್ ಪಟ್ಟಣಕ್ಕೆ ಬಂದಾಗ ಅವರ ಮನೆಯ ಬಳಿ ಮದ್ಯ ತಯಾರಿಸುವ ಕಾರ್ಖಾನೆಯಿತ್ತು. ಹುದುಗುವ ತೊಟ್ಟಿಗಳ ಮೇಲೆ ನಿಂತಿರುತ್ತಿದ್ದ ಅನಿಲವನ್ನು ಅವರು ನೀರಿನಲ್ಲಿ ಬೆರೆಸಿ ನೋಡಿದರು. ನೀರಿಗೆ ಹಿತವಾದ ಚುರುಕು ರುಚಿ ಬಂದಿತು. ನೀರಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಕರಗಿಸುವ ವಿಧಾನವನ್ನು 1772ರಲ್ಲಿ ಪುಸ್ತಿಕೆಯಾಗಿ ಪ್ರಕಟಿಸಿದರು. ಅದರಿಂದ ಹಣ ಮಾಡಲು ಹೋಗಲಿಲ್ಲ. ವ್ಯಾಪಾರ ಮಾಡಿದವರು ಜಿನೀವಾದ ಯಾಕೋಬ್ ಶ್ವೆಪ್. 1783ರಲ್ಲಿ ಅಲ್ಲಿ ಉದ್ಯಮ ಆರಂಭಿಸಿ, 1792ರಲ್ಲಿ ಲಂಡನ್ನಿಗೆ ಬಂದರು.

ಅನಿಲ ಬೆರೆಸುವುದು ಸುಲಭ, ಹಿಡಿದಿಡುವುದು ಕಷ್ಟ. ಆಗ ಸೀಸೆಗೆ ಮುಚ್ಚಳವೆಂದರೆ ಬೆಂಡಿನ ಬಿರಡೆ. ಸೀಸೆಯನ್ನು ನಿಲ್ಲಿಸಿಟ್ಟರೆ ಬಿರಡೆ ಒಣಗಿ ಕುಗ್ಗುತ್ತದೆ. ಸಂದಿಯಿಂದ ಅನಿಲ ಸೋರಿ ಸೋಡಾ ಸಪ್ಪೆಯಾಗುತ್ತದೆ. ಮಲಗಿಸಿಟ್ಟರೆ ನೀರು ತಾಗಿ ಬಿರಡೆ ಸದಾ ಹಸಿಯಾಗಿ, ಉಬ್ಬಿ, ಬಾಯಿಗೆ ಬಿಗಿಯಾಗಿ ಕೂರುತ್ತದೆ. ಆದರೆ ಅಂಗಡಿಯವನಿಗೂ ಮನೆಯ ಆಳಿಗೂ ಮಲಗಿಸಿಯೇ ಇಡಿ ಎಂದು ಎಷ್ಟು ಸಲ ಹೇಳುವುದು? ನಿಲ್ಲಲು ಸಾಧ್ಯವೇ ಇಲ್ಲದ ಸೀಸೆಯನ್ನು ಮಾಡಿಬಿಟ್ಟರೆ ಹೇಳುವ ಅಗತ್ಯವೇ ಇಲ್ಲ! ಆಜ್ಞೆಯನ್ನು ಆಕಾರದಲ್ಲಿಯೇ ಅಡಗಿಸಿಟ್ಟ ಜಾಣ್ಮೆ ಇದು. ಜೊತೆಗೆ ಒಳಗಿನ ಒತ್ತಡ ಮೂಲೆಯಿಲ್ಲದ ಉರುಟು ಗೋಡೆಯ ಮೇಲೆ ಸಮವಾಗಿ ಹಂಚಿಹೋಗುವುದರಿಂದ ಸೀಸೆ ಸಿಡಿಯುವ ಭಯವೂ ಕಡಿಮೆ. ಗಾಜು ಅಷ್ಟು ದಪ್ಪವಾಗಿರುವುದಕ್ಕೂ ಆ ಒತ್ತಡವೇ ಕಾರಣ.

ಈ ಮೊಟ್ಟೆಯಾಕಾರದ ಸೀಸೆಯ ವಿವರ ವಿಲಿಯಂ ಹ್ಯಾಮಿಲ್ಟನ್ ಎಂಬುವರ 1809ರ ಪೇಟೆಂಟಿನಲ್ಲಿದೆ. ಮಾನ್ವಿಯವರಿಗೆ ಆ ಇಸವಿ ಮರೆಯುವಂಥದ್ದಲ್ಲ. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿಯಲ್ಲಿ ದೇಹ ಬಿಟ್ಟದ್ದು ಅದೇ 1809ರಲ್ಲಿ. ಇಸವಿಗಳನ್ನು ಬಿಡಿಬಿಡಿಯಾಗಿ ಕಂಠಪಾಠ ಮಾಡದೆ ಹೀಗೆ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾಲದ ಚಿತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

ಲಂಡನ್ನಿನಿಂದ ದೋಆಬಿಗೆ

ಲಂಡನ್ನಿನ ಸೋಡಾ ಕೃಷ್ಣಾ-ತುಂಗಭದ್ರೆಗಳ ನಡುವಿನ ನಾಡಿಗೆ ಏಕೆ ಬರಬೇಕಿತ್ತು? ಇಲ್ಲಿ ನೀರಿರಲಿಲ್ಲವೇ?

ಇತ್ತು, ಆದರೆ ಆ ನೀರಿನ ಬಗ್ಗೆ ಆಂಗ್ಲರಿಗೆ ಭಯವಿತ್ತು. ಕಾಲರಾ ಕುಡಿಯುವ ನೀರಿನಿಂದ ಹರಡುತ್ತದೆಂದು ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಒಂದು ಬೀದಿಯ ಪಂಪಿನ ಸುತ್ತಲಿನ ಸಾವುಗಳನ್ನು ಲೆಕ್ಕಹಾಕಿ ತೋರಿಸಿದರು. ಅದರ ರೋಗಾಣುವನ್ನು ರಾಬರ್ಟ್ ಕಾಖ್ 1884ರಲ್ಲಿ ಕಲಕತ್ತೆಯಲ್ಲಿ ದೃಢಪಡಿಸಿದರು. ಬಿರಡೆ ಬಿಗಿದ ಸೋಡಾ ಬಾವಿಯ ನೀರಿಗಿಂತ ಸುರಕ್ಷಿತವೆಂಬ ನಂಬಿಕೆಯಿಂದ ಅಧಿಕಾರಿಗಳು, ಸೈನಿಕರು ಅದನ್ನು ಬಯಸಿದರು. ಮದ್ಯಕ್ಕೆ ಬೆರೆಸಲು ಬೇಕಾಗಿತ್ತೆಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ನಮ್ಮ ಭಾಗದಲ್ಲಿ ಅವರ ಇರವು ಕಡಿಮೆಯೇನಿರಲಿಲ್ಲ. 1853ರ ಒಪ್ಪಂದದಂತೆ ನಿಜಾಮರು ರಾಯಚೂರು ದೋಆಬನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿದರು. 1860ರಲ್ಲಿ ಅದು ಮರಳಿ ಬಂದಿತು. ಲಿಂಗಸೂಗೂರಿನಲ್ಲಿ ಹೈದರಾಬಾದ್ ಕಂಟಿಂಜೆಂಟ್ ಸೇನೆಯ ಛಾವಣಿಯಿತ್ತು. 1905ರಲ್ಲಿ ರಾಯಚೂರಿನೊಡನೆ ವಿಲೀನವಾಗುವವರೆಗೆ ಲಿಂಗಸೂಗೂರೇ ಒಂದು ಜಿಲ್ಲೆಯಾಗಿತ್ತು.

ಸಾಗಾಟದ ದಾರಿಯೂ ಆಗಲೇ ತೆರೆಯಿತು. 1869ರಲ್ಲಿ ಸುಯೆಜ್ ಕಾಲುವೆ ಆರಂಭವಾಗಿ ಲಂಡನ್-ಮುಂಬಯಿ ಹಡಗಿನ ಹಾದಿ ಬಹಳ ಕಿರಿದಾಯಿತು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವೂ ಮದರಾಸು ಕಡೆಯಿಂದ ಬಂದ ಮದ್ರಾಸ್ ರೈಲುಮಾರ್ಗವೂ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲಿಯೇ. ಭಾರತದ ಎರಡು ದೊಡ್ಡ ಬಂದರುಗಳನ್ನು ಬೆಸೆದ ಗಂಟು ನಮ್ಮೂರ ನಿಲ್ದಾಣವೆಂಬುದನ್ನು ಇಂದಿನ ಮಕ್ಕಳಿಗೆ ಹೇಳಬೇಕು. ಹಡಗು, ರೈಲು, ಅಲ್ಲಿಂದ ಮುಂದೆ ಎತ್ತಿನ ಬಂಡಿ: ಈ ಸೀಸೆಗೆ ಹೊಂದುವ ಸಹಜ ಮಾರ್ಗವಿದು.

ಗೋಲಿಯ ಕಾಲ

ಮಲಗುವ ಸೀಸೆಯ ಆಳ್ವಿಕೆಗೆ ಸವಾಲು ಹಾಕಿದವರು ಹಿರಮ್ ಕಾಡ್ ಎಂಬ ಆಂಗ್ಲರು. 1872ರ ಅವರ ಪೇಟೆಂಟಿನ ಸೀಸೆಗೆ ಬಿರಡೆಯೇ ಬೇಡ. ಕತ್ತಿನೊಳಗೆ ಗಾಜಿನ ಗೋಲಿ, ಬಾಯಿಯಲ್ಲಿ ರಬ್ಬರಿನ ಬಳೆ. ಸೀಸೆಯನ್ನು ತಲೆಕೆಳಗಾಗಿಸಿ ತುಂಬಿದಾಗ ಗೋಲಿ ಬಾಯಿಗೆ ಬಂದು ಕೂರುತ್ತದೆ. ಒಳಗಿನ ಅನಿಲವೇ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಹೊರಹೋಗಲು ಹವಣಿಸುವ ಅನಿಲವನ್ನೇ ಬಾಗಿಲು ಕಾಯಲು ನೇಮಿಸಿದಂತೆ!

ಇನ್ನು ಹೇಳಬೇಕಾಗಿಲ್ಲ, ಅದೇ ನಮ್ಮ ಗೋಲಿ ಸೋಡಾ. ಇದರಿಂದಾದ ದೊಡ್ಡ ಬದಲಾವಣೆಯೆಂದರೆ, ಸೋಡಾ ಹಡಗಿನಲ್ಲಿ ಬರಬೇಕಾದ ಅಗತ್ಯ ತಪ್ಪಿತು. ಒಂದು ಕೈಯಂತ್ರ, ಕೆಲವು ಡಜನ್ ಸೀಸೆಗಳಿದ್ದರೆ ಸಣ್ಣ ಊರಿನಲ್ಲಿಯೂ ಸೋಡಾ ತುಂಬಬಹುದಾಗಿತ್ತು. ಸಾಹೇಬರ ಪಾನೀಯ ಜಾತ್ರೆಯ ಪಾನೀಯವಾಯಿತು. ಹೆಬ್ಬೆರಳಿನಿಂದ ಗೋಲಿ ಒತ್ತಿದಾಗಿನ ಆ ಶಬ್ದವನ್ನು ರಾಯಚೂರಿನ ಬೇಸಿಗೆ ಕಂಡವರಾರೂ ಮರೆಯಲಾರರು. 1892ರಲ್ಲಿ ವಿಲಿಯಂ ಪೇಂಟರ್ ಪೇಟೆಂಟ್ ಪಡೆದ ತಗಡಿನ ಮುಚ್ಚಳ ಜಗತ್ತಿನ ಹೆಚ್ಚಿನ ಕಡೆ ಗೋಲಿಯನ್ನು ಹಿಂದೆ ಹಾಕಿತು. ಭಾರತದಲ್ಲಿ, ಜಪಾನಿನಲ್ಲಿ ಗೋಲಿ ಉಳಿಯಿತು. 2025ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಭಾರತದ ಗೋಲಿ ಸೋಡಾ ಕೊಲ್ಲಿ ರಾಷ್ಟ್ರಗಳಿಗೆ ರಫ್ತಾಗುತ್ತಿರುವುದನ್ನು ಪ್ರಕಟಿಸಿತು. ಲಂಡನ್ನಿನಲ್ಲಿ ಹುಟ್ಟಿದ ಸೀಸೆ ಇಂದು ನಮ್ಮದೆಂಬ ಹೆಸರಿನಲ್ಲಿ ಹೊರದೇಶಕ್ಕೆ ಹೋಗುತ್ತಿದೆ.

ಗಾಜಿನ ವಿಷಯದಲ್ಲಿ ಸ್ವದೇಶಿ ಪ್ರಯತ್ನವೂ ನಡೆಯಿತು. ಜನರಿಂದ ಒಂದೊಂದು ಪೈಸೆ ಕೂಡಿಸಿದ ನಿಧಿಯಿಂದ 1908ರಲ್ಲಿ ಪುಣೆಯ ಬಳಿಯ ತಳೇಗಾಂವದಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಆರಂಭವಾಯಿತು. ಲೋಕಮಾನ್ಯ ತಿಲಕರ ಬೆಂಬಲ ಅದಕ್ಕಿತ್ತು. ಖಾಲಿ ಸೀಸೆಗೂ ಪರದೇಶದ ಕಡೆ ನೋಡಬೇಕಾದ ಸ್ಥಿತಿ ಆ ಕಾಲದವರನ್ನು ಎಷ್ಟು ಚುಚ್ಚಿರಬೇಕೆಂಬುದು ಈ ಸೀಸೆಯನ್ನು ಕೈಯಲ್ಲಿ ಹಿಡಿದಾಗ ಅರ್ಥವಾಗುತ್ತದೆ.

ಸೀಸೆಯ ಎರಡನೆಯ ಜನ್ಮ

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಸೋಡಾ ಕುಡಿದು ಮುಗಿದ ಸೀಸೆ ದೇವದುರ್ಗದ ವಾಡೆಯಲ್ಲಿ ಅಷ್ಟು ವರ್ಷ ಏಕೆ ಉಳಿಯಿತು? ಒಳಗೆ ಕಪ್ಪಗೆ ಒಣಗಿದ ಜಿಡ್ಡು ಇತ್ತು. ಸೋಡಾ ಜಿಡ್ಡು ಬಿಡುವುದಿಲ್ಲ.

ಉತ್ತರ ಪುಸ್ತಕದಲ್ಲಿ ಸಿಗಲಿಲ್ಲ. ಆ ವಾಡೆಯಲ್ಲಿ ಹುಟ್ಟಿ ಮಾನ್ವಿಗೆ ಸೊಸೆಯಾಗಿ ಬಂದ ವೃದ್ಧೆಯೊಬ್ಬರ ಬಾಯಿಂದ ಸಿಕ್ಕಿತು. ಬಂಧುಗಳೊಬ್ಬರ ಮೂಲಕ ಅವರ ಪರಿಚಯವಾಗಿ, ಸೀಸೆಯನ್ನು ತೆಗೆದುಕೊಂಡು ಹೋಗಿ ತೋರಿಸಿದೆ. ಕಣ್ಣು ಮಂಜಾಗಿದ್ದ ಆ ತಾಯಿ ಕೈಯಿಂದಲೇ ಸವರಿ ನೋಡಿ ನಕ್ಕುಬಿಟ್ಟರು. "ಇದು ಗೊಟ್ಟದ ಸೀಸೇರಿ ಸರ. ಎತ್ತಿನ ಹೊಟ್ಟಿ ಉಬ್ಬಿದಾಗ ನಮ್ಮಪ್ಪ ಇದ್ರಾಗ ಎಣ್ಣಿ, ಔಷಧ ಹಾಕಿ ಕುಡಸತಿದ್ದ. ಹಗ್ಗದ ಜಾಳಿಗ್ಯಾಗ ಹಾಕಿ ದನದ ಮನಿ ಗೂಟಕ್ಕ ತೂಗ್ಹಾಕ್ತಿದ್ವಿ" ಎಂದರು.

ಒಕ್ಕಲುತನ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ದನಗಳಿಗೆ ಔಷಧ ಕುಡಿಸುವ ಬಿದಿರಿನ ಕೊಳವೆಯನ್ನು ಗೊಟ್ಟವೆನ್ನುತ್ತೇವೆ. ಎತ್ತಿನ ಹಲ್ಲಿಗೆ ಸಿಕ್ಕರೆ ಸಾಧಾರಣ ಸೀಸೆ ಪುಡಿಯಾಗುತ್ತದೆ. ಅನಿಲದ ಒತ್ತಡ ತಾಳಲೆಂದು ಮಾಡಿದ ಈ ದಪ್ಪ ಗಾಜು ತಾಳಿಕೊಂಡಿತು. ನಿಲ್ಲುವುದಿಲ್ಲವೆಂಬುದೂ ಅಲ್ಲಿ ಕುಂದಾಗಲಿಲ್ಲ. ಹಗ್ಗದ ಜಾಳಿಗೆ ಅದಕ್ಕೆ ಪರಿಹಾರ. ಸಾಹೇಬರ ಊಟದ ಮೇಜಿನಲ್ಲಿ ಒಂದು ಸಂಜೆ ಮುಗಿಯಬೇಕಿದ್ದ ವಸ್ತು ನಮ್ಮ ದನದ ಕೊಟ್ಟಿಗೆಯಲ್ಲಿ ತಲೆಮಾರುಗಳ ಕಾಲ ದುಡಿಯಿತು. ಲಂಡನ್ ಎಂಬ ಅಕ್ಷರಗಳು ಸವೆದದ್ದು ಯಾರ ಕೈಗಳಿಂದ ಎಂಬುದಕ್ಕೂ ಅಂದು ನನಗೆ ಉತ್ತರ ಸಿಕ್ಕಿತು.

ಬರೆಯಲು ಕಾರಣ

ಇನ್ನು ಆರಂಭದಲ್ಲಿ ಹೇಳಿದ ಕಾರಣ. ಅದೇ ವಾಡೆಯಿಂದ ಇಂತಹದೇ ಇನ್ನೊಂದು ಸೀಸೆ ಹೊರಬಿದ್ದಿತ್ತು. ಅದು ಒಬ್ಬ ದಲ್ಲಾಳಿಯ ಕೈ ಸೇರಿತು. ದೇವದುರ್ಗ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಆತ ಅದನ್ನು ತೋರಿಸಿ, ನಿಜಾಮರ ಖಜಾನೆಯದೆಂದೂ, ವಿಶೇಷ ಶಕ್ತಿಯಿರುವ ಗಾಜೆಂದೂ, ಪರದೇಶದ ಕಂಪನಿ ಕೋಟಿಗಟ್ಟಲೆ ಕೊಡುತ್ತದೆಂದೂ ನಂಬಿಸಿದ್ದ. ಪರೀಕ್ಷೆಯ ಖರ್ಚಿಗೆಂದು ಮುಂಗಡವಾಗಿ ಎರಡು ಲಕ್ಷ ರೂಪಾಯಿ ಕೇಳಿದ್ದ. ಹತ್ತಿ ಬೆಳೆ ಕೈಕೊಟ್ಟು ಸಾಲದಲ್ಲಿದ್ದ ಆ ವಿದ್ಯಾರ್ಥಿ ಹೆಂಡತಿಯ ಬಂಗಾರ ಒತ್ತೆಯಿಡಲು ಸಿದ್ಧರಾಗಿದ್ದರು. ನನ್ನ ಬಳಿಯೂ ಅಂತಹ ಸೀಸೆಯಿದೆಯೆಂದು ಯಾರಿಂದಲೋ ಕೇಳಿ, "ಸರ್, ನಿಮ್ದೂ ಅವ್ರಿಗೇ ಕೊಡಸ್ಲಿ ಏನ್ರಿ?" ಎಂದು ನನ್ನ ಲಾಭಕ್ಕಾಗಿಯೇ ಫೋನು ಮಾಡಿದರು.

ಮನೆಗೆ ಬರಹೇಳಿದೆ. ಅಣ್ಣನೊಡನೆ ಬಂದರು. ಮೇಲೆ ಬರೆದುದನ್ನೆಲ್ಲ ಮೇಜಿನ ಮೇಲೆ ಸೀಸೆಯಿಟ್ಟು ತೋರಿಸಿದೆ. ಅಚ್ಚಿನ ಗೆರೆಯನ್ನು ಅವರೇ ಬೆರಳಿನಿಂದ ಮುಟ್ಟಿದರು; ಪೆನ್ಸಿಲ್ ತಿಕ್ಕಿ ಅಕ್ಷರಗಳನ್ನು ಅವರೇ ಓದಿದರು. ಗೊಟ್ಟದ ವಿಷಯ ಹೇಳಿದಾಗ ಅಣ್ಣನಿಗೆ ನಗು ಬಂತು, ತಮ್ಮನಿಗೆ ಬರಲಿಲ್ಲ. ಬಹಳ ಹೊತ್ತು ಸುಮ್ಮನೆ ಕುಳಿತು, ಕೊನೆಗೆ, "ಬಂಗಾರ ಇನ್ನೂ ಮನ್ಯಾಗೇ ಐತ್ರಿ ಸರ್" ಎಂದರು. ಆ ಮಾತು ಕೇಳಿ ನನಗಾದ ಸಮಾಧಾನವನ್ನು ಬರೆದು ತಿಳಿಸಲಾರೆ.

ಅಕ್ಕಿಯನ್ನು ಸೆಳೆಯುವ ತಂಬಿಗೆ, ಸಿಡಿಲು ಬಡಿದ ಕಲಶ, ಎರಡು ತಲೆಯ ಹಾವು ಎಂದು ರೈಸ್ ಪುಲ್ಲಿಂಗ್ ಮೊದಲಾದ ಹೆಸರಿನ ವಂಚನೆಗಳು ದಕ್ಷಿಣ ಭಾರತದಲ್ಲೆಲ್ಲ ನಡೆದಿವೆ, ವಿದ್ಯಾವಂತರೂ ಸಿಕ್ಕಿಬಿದ್ದಿದ್ದಾರೆ. ಎಲ್ಲದರ ಸೂತ್ರ ಒಂದೇ: ಮೊದಲು ಪರೀಕ್ಷೆಯ ಖರ್ಚು ನೀವು ಕೊಡಬೇಕು. ನಿಜವಾಗಿ ಕೊಳ್ಳುವವನು ಮಾರುವವನಿಗೆ ಹಣ ಕೊಡುತ್ತಾನೆಯೇ ಹೊರತು ಕೇಳುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ವಿನಂತಿಯಿಷ್ಟು. ಹಳೆಯ ವಸ್ತು ಸಿಕ್ಕರೆ ತಿಕ್ಕಿ ತೊಳೆಯುವ ಮೊದಲು ಅದರ ಚಿತ್ರ ತೆಗೆಯಿರಿ. ಎಲ್ಲಿ ಸಿಕ್ಕಿತು, ಯಾರ ಮನೆಯದೆಂದು ಬರೆದಿಡಿ. ಉದ್ದ, ತೂಕ, ಅಳತೆ ನೋಡಿ. ಮನೆಯ ಹಿರಿಯರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ ತೋರಿಸಿ ಕೇಳಿ. ನೆಲದಲ್ಲಿ ಹೂತ ನಿಧಿ ಸಿಕ್ಕರೆ, ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ಪುರಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆ ನಿಷೇಧಿಸುತ್ತದೆ. ಪರದೇಶದ ಕೋಟಿಯ ಮಾತು ಅಲ್ಲಿಯೇ ಮುರಿದುಬೀಳುತ್ತದೆ.

ನಮ್ಮ ಸೀಸೆಯ ಬೆಲೆ ಎಷ್ಟೆಂದು ಕೇಳುವವರಿದ್ದೀರಿ. ಸಂಗ್ರಾಹಕರು ಕೊಟ್ಟರೆ ಅದೊಂದು ಸಾಧಾರಣ ಮೊತ್ತ, ಸಾಲ ತೀರಿಸುವಷ್ಟಲ್ಲ. ದೇವದುರ್ಗ, ಮಾನ್ವಿ, ರಾಯಚೂರುಗಳಲ್ಲಿ ಹಳೆಯ ವಾಡೆಗಳು ಒಂದೊಂದಾಗಿ ನೆಲಕ್ಕೆ ಬೀಳುತ್ತಿರುವ ಕಾಲವಿದು. ಸಾಮಾನು ಗುಜರಿಗೆ ಹೋಗುವ ಮೊದಲು ನಿಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿ. ಏನಾದರೂ ಸಿಕ್ಕರೆ, ವಿವರ ಬರೆದು ಕಳುಹಿಸಿ, ಕೂಡಿಯೇ ವಿಚಾರಿಸೋಣ.